ಡೆನ್ಮಾರ್ಕಿನಲ್ಲಿ ನಾನು ತೊಳೆದ ಗೋಡೆ

ಐಗಳಿ

ನನ್ನನ್ನು ಡೆನ್ಮಾರ್ಕಿಗೆ ಕಳಿಸಿದ್ದು ಒಂದು ಜೊತೆ ಚಪ್ಪಲಿ. ಹೀಗೆಂದರೆ ನಮ್ಮ ಕಡೆಯವರು ನಗುತ್ತಾರೆ. ಆದರೆ ನಡೆದದ್ದು ಹಾಗೆಯೇ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಥಣಿಯಲ್ಲಿ ಚಪ್ಪಲಿ ಹೊಲಿಯುವುದನ್ನು ಕಣ್ಣಾರೆ ನೋಡಬೇಕೆಂದು ಯೆನ್ಸ್ ಎಂಬ ಡೆನ್ಮಾರ್ಕಿನ ಮನುಷ್ಯನೊಬ್ಬ ಬಂದಿದ್ದ. ಆಳು ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ತನ್ನ ಊರಲ್ಲಿ ಅವನು ಚಿತ್ರಕಲೆಯ ಮಾಸ್ತರನಂತೆ. ಚಪ್ಪಲಿಯ ಓಣಿಗೆ ಹತ್ತಿರದಲ್ಲೇ ನಾನು ಚಿತ್ರಕಲೆ ಕಲಿಸುವ ಹೆಣ್ಣುಮಕ್ಕಳ ಶಾಲೆ. ಯಾರೋ ಅವನನ್ನು ಅಲ್ಲಿಗೂ ಕರೆತಂದರು.

ಶಾಲೆಯ ಹೊರಗೋಡೆಗೆ ನಾನೂ ಹುಡುಗಿಯರೂ ಸೇರಿ ಚಿತ್ರ ತೆಗೆದಿದ್ದೆವು. ಶಿರಗುಪ್ಪಿಯ ನನ್ನ ತವರಿನ ಕಬ್ಬು, ಐಗಳಿಯ ನಮ್ಮ ದ್ರಾಕ್ಷಿ ಚಪ್ಪರ, ಕೃಷ್ಣಾ ನದಿ, ನವಿಲು, ಸೂರ್ಯ. ಬೊಗಸೆಯಷ್ಟು ಜಾಗವನ್ನೂ ಖಾಲಿ ಬಿಟ್ಟಿರಲಿಲ್ಲ. ಯೆನ್ಸ್ ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಮನಸ್ಸು ತುಂಬಿ ಬಂತು ಪಾಪ ಎಂದುಕೊಂಡೆ. ನಮ್ಮ ಹಳದಿಯೂ ಕೆಂಪೂ ಸೇರಿ ಅವನ ಕಣ್ಣು ಚುಚ್ಚಿತ್ತು ಎಂಬುದು ಆಮೇಲೆ ಡೆನ್ಮಾರ್ಕಿನಲ್ಲಿ ಗೊತ್ತಾಯಿತು.

ಆದರೂ ಮರುವರ್ಷ ಕರೆ ಬಂತು. ಅವರ ಊರಲ್ಲಿ ಒಂದು ಚಿತ್ರ ಶಿಬಿರ. ಮನೆಯ ಒಳಗಿನ ನೋಟವನ್ನು ಬರೆಯುವುದೇ ಅದರ ವಿಷಯ. ಕೊನೆಗೆ ಆರಿಸಿದ ಚಿತ್ರಗಳನ್ನು ಊರಿನ ಟೌನ್ ಹಾಲಿನ ಗೋಡೆಗೆ ಹಾಕುತ್ತಾರಂತೆ. ನಾನು ಬರಬೇಕು, ನನ್ನ ಜೊತೆ, ಯೆನ್ಸ್ ಅದೇ ಪ್ರವಾಸದಲ್ಲಿ ಕಂಡಿದ್ದ ನಿಪ್ಪಾಣಿಯ ಭಾವುಸಾಹೇಬರೂ ಬರಬೇಕು. ಭಾವುಸಾಹೇಬರೆಂದರೆ ಬೀಡಿ ಕಟ್ಟಿನ ಲೇಬಲ್ಲಿನಿಂದ ಹಿಡಿದು ಅಂಗಡಿ ಬೋರ್ಡಿನವರೆಗೆ ಎಲ್ಲವನ್ನೂ ಬರೆಯುವ ಅರವತ್ತರ ಆಸಾಮಿ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ನಡುವೆ ನಗೆ.

ಹೊರಡುವ ಮುನ್ನ ಮನೆ ತುಂಬ ನೆಂಟರು. ರಾಯಬಾಗದ ಬೀಗರು ಬಂದಿದ್ದರು, ಚಿಕ್ಕೋಡಿಯಿಂದ ಮೈದುನ ಬಂದಿದ್ದ. ನಮ್ಮ ಅತ್ತೆ ಎಲ್ಲರ ನಡುವೆ ಕೂತು ಶೇಂಗಾ ಸುಲಿಯುತ್ತಾ ಕೇಳಿದರು:

“ಮನಿ ಒಳಗಿಂದ ಚಿತ್ರಾ ತಗ್ಯಾಕ ಅಷ್ಟ ದೂರ ಯಾಕ ಹೋಗಬೇಕವಾ? ನಮ್ಮನಿಗಿ ಒಳಗ ಇಲ್ಲೇನ?”

ಎಲ್ಲರೂ ನಕ್ಕರು. ನನಗೆ ರೋಷ ಬಂತು.

“ಅತ್ತಿ, ಅಲ್ಲಿ ಕಡೀಕ ಊರಾನ ಮಂದಿ ಎಲ್ಲಾ ಬಂದ ನೋಡ್ತಾರಂತ. ಆ ಗ್ವಾಡಿ ಮ್ಯಾಲೆ ನನ್ನ ಚಿತ್ರಾ ಹಾಕಿಸೇ ಬರ್ತೀನಿ. ಇಲ್ಲಂದ್ರ ಇನ್ನ ಮ್ಯಾಲೆ ಕುಂಚಾ ಹಿಡ್ಯೂದಿಲ್ಲ, ನೋಡ್ರಿ ಬೇಕಾರ.”

ಮಾತು ಬಾಯಿ ಬಿಟ್ಟು ಹೋಗಿತ್ತು. ಬೀಗರ ಎದುರಿಗೆ ಆಡಿದ ಮಾತು ಬೇರೆ. ನಮ್ಮ ಮನೆಯವರು ನನ್ನ ಕಡೆ ನೋಡಿ, “ಕುಂಚದ ಗೊಡವಿ ಯಾಕ ತಗದಿ, ಹುಚ್ಚಿ?” ಎಂದು ಮೆಲ್ಲಗೆ ಅಂದರು. ಕಾಗವಾಡದ ಮೇಲೆ ಹಾಯ್ದು ಮೀರಜಿಗೆ ಹೋಗುವ ಬಸ್ಸಿನಲ್ಲಿ ಕೂತಾಗಲೂ ನನಗೆ ಅದೇ ಮಾತು ಕಿವಿಯಲ್ಲಿ.

ವಿಮಾನ ಇಳಿದ ಮೇಲೆ

ವಿಮಾನದ ಬಗ್ಗೆ ಹೇಳುವುದು ಏನೂ ಇಲ್ಲ. ಕೂತೆವು, ಕಾಲು ಬಾತವು, ಇಳಿದೆವು. ಇಳಿದ ಮೇಲೆ ಸುಂಕದ ಕಟ್ಟೆಯಲ್ಲಿ ಒಬ್ಬ ಅಧಿಕಾರಿ ನನ್ನ ಚೀಲದಿಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತೆಗೆದ. ಕೆಂಪು ಪುಡಿ ಏನು ಎಂದು ಅವನಿಗೆ ಸಂಶಯ. ಮೂಗಿನ ಹತ್ತಿರ ಹಿಡಿದು ಜೋರಾಗಿ ಎಳೆದ. ಆಮೇಲೆ ಆ ಕಟ್ಟೆಯ ಅಷ್ಟೂ ಜನ ತಿರುಗಿ ನೋಡುವ ಹಾಗೆ ಸೀನಿದ. ಸೀನಿ ಮುಗಿಯುವ ಹೊತ್ತಿಗೆ ನಮ್ಮನ್ನು ಕೈ ಮಾಡಿ ಕಳಿಸಿಬಿಟ್ಟ.

“ವೈನಿ, ಪಾಸಪೋರ್ಟಗಿಂತ ನಿಮ್ಮ ಹಿಂಡೀನ ಘಟ್ಟಿ ಐತಿ ಬಿಡ್ರಿ,” ಎಂದರು ಭಾವುಸಾಹೇಬರು. ಅತ್ತಿಗೆ ಎಂಬ ಅರ್ಥದಲ್ಲಿ ಅವರು ನನ್ನನ್ನು ವೈನಿ ಎಂದೇ ಕರೆಯುವುದು.

ನಾವು ಹೋದದ್ದು ಸಮುದ್ರದ ದಂಡೆಯ ಒಂದು ಸಣ್ಣ ಊರಿಗೆ. ಅಲ್ಲಿನ ಜನರಿಗೆ ಕಿಟಕಿಗೆ ಪರದೆ ಹಾಕುವ ಪದ್ಧತಿ ಇಲ್ಲ. ರಸ್ತೆಯಲ್ಲಿ ನಡೆದರೆ ಸಾಕು, ಒಳಗೆ ಕೂತು ಊಟ ಮಾಡುವವರು, ಉಣ್ಣೆ ಹೆಣೆಯುವವರು, ಸುಮ್ಮನೆ ಕೂತವರು ಎಲ್ಲಾ ಕಾಣುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಿಟಕಿ ಎಂದರೆ ಅಂಗೈಯಗಲ. ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ಹೊರಗಿನವರಿಗೆ ಒಳಗು ಕಾಣಬಾರದು ಎಂದೇ ಕಟ್ಟಿದ ಮನೆಗಳು ಅವು. ಭಾವುಸಾಹೇಬರಂತೂ ಮೊದಲ ಸಂಜೆ ನೆಲ ನೋಡಿಕೊಂಡೇ ನಡೆದರು.

“ಮಂದಿ ಊಟಾ ಮಾಡಾಕತ್ತಾರ ವೈನಿ. ನಾ ಎಲ್ಲಿ ನೋಡ್ಲಿ? ನಮ್ಮಲ್ಲಿ ನೋಡಿದ್ರ ಬಾ ಉಣ್ಣ ಅನ್ನತಾರು, ಇಲ್ಲಾ ಬೈತಾರು. ಎರಡೂ ಇಲ್ಲ ಅಂದ್ರ ಹೆಂಗ?”

ಹಸುಗೂಸುಗಳನ್ನು ಗಾಡಿಯಲ್ಲಿ ಮಲಗಿಸಿ ಚಳಿಯಲ್ಲಿ ಅಂಗಡಿಯ ಹೊರಗೇ ಬಿಟ್ಟು ಒಳಗೆ ಚಹಾ ಕುಡಿಯುತ್ತಾರೆ ಅಲ್ಲಿನ ತಾಯಂದಿರು. ಒಂದು ಕೂಸಿನ ಹತ್ತಿರ ನಾನು ಕಾವಲಿಗೇ ನಿಂತುಬಿಟ್ಟೆ. ತಾಯಿ ಹೊರಗೆ ಬಂದವಳು ನನ್ನನ್ನು ಕಂಡು ಗಾಬರಿಯಾದಳು. ಕೂಸು ಮಾತ್ರ ನಮ್ಮಿಬ್ಬರ ಗಾಬರಿಯ ಪರಿವೆ ಇಲ್ಲದೆ ಟೊಮೇಟೊದಂಥ ಗಲ್ಲ ಮಾಡಿಕೊಂಡು ನಿದ್ದೆ ಹೊಡೆಯುತ್ತಿತ್ತು.

ಕಾರೆನ್ ಆಯಿಯ ಮನೆ

ಭಾವುಸಾಹೇಬರ ವಸತಿ ಯೆನ್ಸನ ಮನೆಯಲ್ಲಿ. ನನ್ನದು ಕಾರೆನ್ ಎಂಬ ಎಪ್ಪತ್ತು ದಾಟಿದ ಹೆಣ್ಣುಮಗಳ ಮನೆಯಲ್ಲಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನಾನು ಮೊದಲ ದಿನವೇ ಕಾರೆನ್ ಆಯಿ ಎಂದೆ, ಆಕೆಗೂ ಅದು ಹಿಡಿಸಿತು. ನನ್ನದೂ ಹರಕು ಇಂಗ್ಲಿಷು, ಆಕೆಯದೂ ಹರಕು ಇಂಗ್ಲಿಷು. ಎರಡು ಹರಕು ಸೇರಿ ಕೌದಿ ಹೊಲಿದ ಹಾಗೆ ಹೇಗೋ ಮಾತು ಬೆಚ್ಚಗೆ ನಡೆಯುತ್ತಿತ್ತು. ಆಕೆ ಆಡಿದ್ದೆಲ್ಲ, ಯೆನ್ಸ್ ಆಡಿದ್ದೂ, ನನ್ನ ಕಿವಿಗೆ ನಮ್ಮ ಊರಿನ ಮಾತಾಗಿಯೇ ಬಿದ್ದಿದೆ. ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಆಕೆ ನನಗೇ ಗುರುತು ಸಿಗುವುದಿಲ್ಲ.

ಬೆಳಗಿನ ನಾಷ್ಟಾಕ್ಕೆ ಮೇಜಿನ ಮೇಲೆ ಮೇಣದಬತ್ತಿ ಹಚ್ಚುವುದು ಅವರ ಪದ್ಧತಿ. ಮೊದಲ ದಿನ ಭಾವುಸಾಹೇಬರು ಬಂದು ಅದನ್ನು ನೋಡಿ ಕಾರೆನ್ ಆಯಿಯನ್ನು ಸಮಾಧಾನ ಮಾಡಿದರು: “ಚಿಂತಿ ಮಾಡಬ್ಯಾಡ್ರಿ ಆಯಿ, ನಮ್ಮ ನಿಪ್ಪಾಣ್ಯಾಗೂ ಕರೆಂಟ್ ಹಿಂಗಽ ಹೋಗತೈತಿ.” ಆಕೆ ತಲೆಯ ಮೇಲಿನ ದೀಪದ ಗುಂಡಿ ಒತ್ತಿ ತೋರಿಸಿದಳು. ಅದು ಝಗ್ ಎಂದು ಹತ್ತಿತು. “ಮತ್ತ ಇದ್ಯಾಕ?” ಎಂದು ಅವರು ಕೇಳಿದ್ದಕ್ಕೆ, “ಅದು ಕೆಲಸಕ್ಕ, ಇದು ಮನಸಿಗೆ,” ಎಂದಳು.

ಇನ್ನೊಂದು ವಿಷಯ. ಈ ಆಯಿ ಪ್ರತಿದಿನ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಹೋಗಿ ಆ ಕೊರೆಯುವ ಸಮುದ್ರದಲ್ಲಿ ಮುಳುಗಿ ಬರುತ್ತಿದ್ದಳು. ಕಾರ್ತಿಕದಲ್ಲಿ ಕೃಷ್ಣೆಯ ಸ್ನಾನ ಮಾಡುವ ನಮ್ಮ ಆಯಂದಿರಿಗೆ ಪುಣ್ಯದ ಆಸೆಯಾದರೂ ಇರುತ್ತದೆ. ಈಕೆಗೆ ಅದೂ ಬೇಕಿರಲಿಲ್ಲ. ಏನು ಸಿಗುತ್ತದೆ ಎಂದು ಕೇಳಿದರೆ “ಹಸಿವಿ” ಎನ್ನುತ್ತಿದ್ದಳು.

ನಾವು ಬರೆಯಬೇಕಾಗಿದ್ದ ಕೋಣೆ ಆಕೆಯ ಮನೆಯದೇ. ಯೆನ್ಸ್ ಊರೆಲ್ಲ ಹುಡುಕಿ ಅದನ್ನು ಆರಿಸಿದ್ದನಂತೆ. ಒಂದು ಕಿಟಕಿ, ಅರ್ಧ ತೆರೆದ ಒಂದು ಬಾಗಿಲು, ಬಾಗಿಲಾಚೆ ಕತ್ತಲ ಇನ್ನೊಂದು ಕೋಣೆ, ತೋಳಿರುವ ಒಂದು ಹಳೆಯ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜು. ಇಷ್ಟೇ. ನನಗೆ ಅದರಲ್ಲಿ ಚಿತ್ರ ತೆಗೆಯುವಂಥದ್ದು ಏನೂ ಕಾಣಲಿಲ್ಲ. ಗೋಡೆಯಂತೂ ಮಸುಕು ಕಂದು. ಅಲ್ಲಲ್ಲಿ ಬೂದಿ, ಅಲ್ಲಲ್ಲಿ ಹಳೆಯ ತುಪ್ಪದ ಛಾಯೆ. ಯೆನ್ಸ್ ಆ ಗೋಡೆಯ ಮುಂದೆ ದೇವರ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದ.

“ಈ ಗ್ವಾಡೀನ ಚಿತ್ರಾ. ಉಳದದ್ದೆಲ್ಲಾ ಇದರ ಮುಂದ ಕುಂತ ಮಂದಿ. ಬಣ್ಣಾ ಒದರಬಾರದು. ಗೆರಿ ಬ್ಯಾಡ. ಕುಂಚಾ ಸಡಲ ಬಿಡ್ರಿ,” ಎಂದ.

ನಾವು ಏಳೆಂಟು ಮಂದಿ ಅರ್ಧ ಸುತ್ತಿನಲ್ಲಿ ಚಿತ್ರದ ಸ್ಟ್ಯಾಂಡು ನಿಲ್ಲಿಸಿಕೊಂಡು ಕೂತೆವು. ಉಳಿದವರೆಲ್ಲ ಆ ಊರಿನವರು, ಒಬ್ಬ ದಾದಿ, ಒಬ್ಬ ಮೀನುಗಾರ, ಹೀಗೆ. ನಾನು ಡ್ರಾಯಿಂಗ್ ಪರೀಕ್ಷೆಗೆ ಹುಡುಗಿಯರನ್ನು ಕೂರಿಸಿ ಕೂರಿಸಿ ಗಟ್ಟಿಯಾದ ಕೈ. ಕಿಟಕಿಗೆ ಪಟ್ಟಿ ಇಟ್ಟು ಗೆರೆ ಎಳೆದೆ. ಮೇಜಿನ ಬಟ್ಟೆಯ ಅಂಚಿನ ಜಾಳಿಗೆಯ ಒಂದೊಂದು ತೂತನ್ನೂ ಬಿಡಲಿಲ್ಲ. ಕುರ್ಚಿಗೆ ಹೊಸ ಪಾಲಿಶ್ ಮಾಡಿದಂಥ ಕೆಂಗಂದು ಕೊಟ್ಟೆ. ಕೋಣೆ ಬಡವಾಗಿ ಕಂಡಿತೆಂದು ಮೇಜಿನ ಮೇಲೆ ಇಲ್ಲದ ಹೂವನ್ನೂ ಇಟ್ಟೆ, ದಾಸವಾಳ.

ಯೆನ್ಸ್ ಬಂದು ನೋಡಿದ. ನನ್ನ ಕ್ಯಾನ್ವಾಸನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟ. ಎರಡನೆಯದಕ್ಕೆ ಹೂವು ತೆಗೆದೆ, ಬಣ್ಣಕ್ಕೆಲ್ಲ ಬಿಳಿ ಬೆರೆಸಿದೆ. ಅದೂ ಗೋಡೆಗೆ ಮುಖ ಮಾಡಿತು.

“ನೀವು ಸಾಮಾನ ಬರದೀರಿ, ಕ್ವಾಣಿ ಬರದಿಲ್ಲ. ಗಾಳಿ ಎಲ್ಲಿ ಐತಿ ಇದರಾಗ? ಟೌನ್ ಹಾಲಿನ್ಯಾಗ ಉಸರಾಡೂ ಚಿತ್ರಾ ಅಷ್ಟ ಹಾಕ್ತೀನಿ. ಶಿಬಿರ ಮುಗಿಯೂ ಮುಂದ ಆರಸ್ತೀನಿ,” ಎಂದ.

ಭಾವುಸಾಹೇಬರ ಚಿತ್ರ ಮಾತ್ರ ಮೊದಲ ಸಲಕ್ಕೇ ಅವನಿಗೆ ಒಪ್ಪಿಗೆಯಾಗಿತ್ತು. ಅವರು ನೋಡಿ ನೋಡಿ ನಕ್ಕರು: “ಬೀಡಿ ಲೇಬಲ್ಲಿಗೆ ಅಗ್ಗದ ಬಣ್ಣಾ ನೀರ ಮಾಡಿ ಮಾಡಿ ಹಚ್ಚಿ ಕೈ ಸಡಲ ಆಗೇತಿ ವೈನಿ. ನೀವು ಸಾಲಿ ಕಲಿಸಿ ಕೆಟ್ಟೀರಿ.” ಅವರ ನಗೆಗೆ ನನ್ನ ನಗೆ ಕೂಡಲಿಲ್ಲ. ಬೀಗರ ಮುಂದೆ ಆಡಿದ ಮಾತು ನೆನೆದು ಕುಂಚ ತೊಳೆಯಲು ಎದ್ದೆ.

ಮಹಾನವಮಿಯ ಮುಂಜಾನೆ

ಆ ವಾರ ನಮ್ಮ ಕಡೆ ಮಹಾನವಮಿ. ಊರಲ್ಲಿದ್ದರೆ ಈ ಹೊತ್ತಿಗೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂದಿರುತ್ತಿತ್ತು. ಅತ್ತೆ ಸೀರೆಯ ಕಚ್ಚೆ ಬಿಗಿದು ಕೂಗಾಡುತ್ತಿದ್ದರು. ಹಾಸಿಗೆ ಹೊಳೆಗೆ ಹೋಗುತ್ತಿತ್ತು, ಗೋಡೆ ಸುಣ್ಣ ಕಾಣುತ್ತಿತ್ತು, ನೆಲ ಸಾರಣೆ ಕಾಣುತ್ತಿತ್ತು. ನವಮಿಯಲ್ಲಿ ಮನೆ ತೊಳೆಯದೆ ಕೂರುವುದು ನಮ್ಮ ಹೆಂಗಸರ ಮೈಗೇ ಒಗ್ಗುವುದಿಲ್ಲ. ಅದರ ಮೇಲೆ ನಾನು ಉಂಡ ಮನೆ, ಯಜಮಾನತಿ ಮುದುಕಿ, ಗೋಡೆ ನೋಡಿದರೆ ಎಷ್ಟೋ ವರ್ಷದ ಮಸಿ. ಇಷ್ಟು ದಿನ ಉಂಡದ್ದಕ್ಕೆ ಒಂದು ಕೈ ಹಚ್ಚದೆ ಹೋಗುವುದು ಸರಿಯೇ?

ಕಾರೆನ್ ಆಯಿ ಟವೆಲು ಹಾಕಿಕೊಂಡು ಸಮುದ್ರಕ್ಕೆ ಹೋದಳು. ನಾನು ಬಿಸಿನೀರಿಗೆ ಸೋಡಾ ಹಾಕಿದೆ, ಸೆರಗು ಸಿಗಿಸಿದೆ, ಚಿಂದಿ ಹಿಡಿದು ಗೋಡೆಗೆ ಇಳಿದೆ. ಒಂದು ಸಲ ಎಳೆದರೆ ಸಾಕು, ಕಂದು ನೀರು ಧಾರೆಯಾಗಿ ಇಳಿಯುತ್ತಿತ್ತು, ಅದರ ಹಿಂದೆ ಮಜ್ಜಿಗೆಯಂಥ ತಿಳಿ ನೀಲಿ ಬಣ್ಣ ಹೊಳೆಯುತ್ತಿತ್ತು. ನನಗೆ ಎಂಥಾ ಸಂತೋಷ! ಕೈಗೆಟಕುವಷ್ಟು ಗೋಡೆಯನ್ನು ತೊಳೆದು ನಿಂತೆ. ಕೃಷ್ಣೆಯ ದಂಡೆಯ ಉಗಾರ ಬುದ್ರುಕದ ಮನೆಗಳ ಮೇಲೆ ಹೊಳೆ ಬಂದು ಹೋದ ಗುರುತು ಇರುತ್ತದಲ್ಲ, ಹಾಗೆ ನಡುವೆ ಒಂದು ಗೆರೆ. ಕೆಳಗೆ ನೀಲಿ, ಮೇಲೆ ಕಂದು. ಇನ್ನು ಏಣಿ ಬೇಕು ಎಂದುಕೊಂಡು ತಿರುಗಿದರೆ ಬಾಗಿಲಲ್ಲಿ ಕಾರೆನ್ ಆಯಿ, ತಲೆಯಿಂದ ಸಮುದ್ರದ ನೀರು ತೊಟ್ಟಿಕ್ಕುತ್ತಿದೆ. ಅವಳ ಹಿಂದೆ ಶಿಬಿರಕ್ಕೆ ಬಂದ ಯೆನ್ಸ್, ಅವನ ಹಿಂದೆ ಉಳಿದವರೆಲ್ಲ.

ನಾನೇ ನಗುತ್ತಾ ಅಂದೆ: “ನಮ್ಮಲ್ಲಿ ಹಬ್ಬ ಐತಿ ಆಯಿ. ಅದಕ್ಕ ತೊಳದೆ.”

ಯೆನ್ಸ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆ ದಾದಿ ತನ್ನ ಅರ್ಧ ಮುಗಿದ ಚಿತ್ರವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. ಆಗ ನನಗೆ ಹೊಳೆಯಿತು. ಎಲ್ಲರೂ ವಾರಗಟ್ಟಲೆ ಕೂತು ಬರೆಯುತ್ತಿದ್ದ ಚಿತ್ರವನ್ನೇ ನಾನು ಬಕೆಟ್ಟಿಗೆ ಇಳಿಸಿದ್ದೆ!

ಕಾರೆನ್ ಆಯಿ ಮೆಲ್ಲಗೆ ಬಂದು ಒದ್ದೆ ಗೋಡೆಯ ಮೇಲೆ ಕೈಯಿಟ್ಟಳು.

“ನನ್ನ ಗಂಡ ಮೂವತ್ತ ವರ್ಷ ಈ ಕುರ್ಚಿ ಮ್ಯಾಲೆ ಕುಂತ ಚಿಲುಮಿ ಸೇದ್ಯಾನ. ಇದು ಅಂವನ ಹೊಗಿ. ಅಂವ ಹ್ವಾದ ಮ್ಯಾಲೆ ನಾ ಈ ಗ್ವಾಡಿ ತೊಳದಿಲ್ಲ.”

ಚಿಂದಿಯನ್ನು ಬಕೆಟ್ಟಿಗೆ ಬಿಟ್ಟೆ. ಅಷ್ಟರಲ್ಲಿ ಭಾವುಸಾಹೇಬರು ಬಕೆಟ್ಟಿನ ಮೇಲೆ ಬಗ್ಗಿ ಮೂಸಿ ನೋಡಿದರು. ನಿಪ್ಪಾಣಿಯವರಿಗೆ ಮೂಗೇ ಮೊದಲ ಕಣ್ಣು.

“ಅರೆ ದೇವಾ! ಇದು ಮಸಿ ಅಲ್ಲ ವೈನಿ, ತಂಬಾಕ. ನಿಪ್ಪಾಣ್ಯಾಗ ತೊಟ್ಟಿಲದಾಗಽ ಇದರ ವಾಸನಿ ಕುಡದ ಬೆಳದಾಂವ ನಾ. ನೀವು ಮನಿ ತೊಳದಿಲ್ಲರಿ, ಆ ಅಜ್ಜನ್ನ ತೊಳದೀರಿ.”

ತಂಬಾಕಿನ ಗಂಜಿ

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಕಾರೆನ್ ಆಯಿ ನನ್ನ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಆಕೆಯ ಹೆಗಲು ಅಲುಗಿದ್ದು ಕಂಡು, ಆಕೆಯೂ ಅಳುತ್ತಿದ್ದಾಳೆ ಎಂದು ನೋಡಿದರೆ, ನಗುತ್ತಿದ್ದಳು.

“ಅಂವಂಗ ಎಷ್ಟ ಸಲಾ ಹೇಳೀನಿ, ಹೊರಗ ಹೋಗಿ ಸೇದೋ, ಗ್ವಾಡಿ ಹೊಲಸ ಆಗತಾವ ಅಂತ. ಕೇಳಲಿಲ್ಲ. ಕಡೀಕ ತೊಳ್ಯಾಕ ಹಿಂದೂಸ್ತಾನದಿಂದ ಹೆಂಗಸು ಬರಬೇಕಾತು.”

“ಆಯಿ, ನಾ ತೊಳದೀನಿ, ನಾನಽ ತಿರಗಿ ತರ್ತೀನಿ,” ಎಂದೆ.

“ಹೊಗಿ ಹೆಂಗ ತರ್ತಿ?”

ನನಗೆ ಗೊತ್ತಿರಲಿಲ್ಲ. ಭಾವುಸಾಹೇಬರಿಗೆ ಗೊತ್ತಿತ್ತು. ನಿಪ್ಪಾಣಿಯ ವಖಾರಗಳಲ್ಲಿ, ಅಂದರೆ ಉಗ್ರಾಣಗಳಲ್ಲಿ, ತಂಬಾಕು ನೆನೆದ ನೀರು ಚೆಲ್ಲಿದ ಕಡೆಯೆಲ್ಲ ಗೋಡೆ ಇದೇ ಬಣ್ಣಕ್ಕೆ ತಿರುಗುತ್ತದಂತೆ. “ತಂಬಾಕ ಕುದಸೂದು, ಸೋಸೂದು, ಹಚ್ಚೂದು. ಆದ್ರ ಬರೇ ನೀರ ನಿಂದರೂದಿಲ್ಲ, ಜಾರಿ ಹೋಗತೈತಿ,” ಎಂದರು. ನಿಲ್ಲಿಸುವುದು ನನಗೆ ಗೊತ್ತಿತ್ತು. ಹಿಟ್ಟಿನ ತಿಳಿ ಗಂಜಿ, ಮೇಲೆ ಒಂದು ಚಿಟಿಕೆ ಬೂದಿ.

ಯೆನ್ಸ್ ಅಂಗಡಿಗೆ ಹೊರಟ. ಕಾರೆನ್ ಆಯಿ ಅವನನ್ನು ತಡೆದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಗಂಡ ಅರ್ಧಕ್ಕೆ ಬಿಟ್ಟುಹೋದ ಚಿಲುಮೆಯ ತಂಬಾಕು, ಒಣಗಿ ಹೊಟ್ಟಾಗಿತ್ತು. ನಾನು ಬೇಡ ಎಂದೆ.

“ಡಬ್ಬ್ಯಾಗ ಇಟ್ಟ ಏನ್ ಮಾಡ್ಲಿ? ಗ್ವಾಡಿ ಮ್ಯಾಲೆ ಇದ್ರ ನನ್ನ ಕಣ್ಣ ಮುಂದರ ಇರತೈತಿ,” ಎಂದಳು.

ಒಲೆಯ ಮೇಲೆ ಭಾವುಸಾಹೇಬರು ತಂಬಾಕು ಕುದಿಸಿದರು, ನಾನು ಗಂಜಿ ಮಾಡಿದೆ. ಮನೆಯೆಲ್ಲ ನಿಪ್ಪಾಣಿಯ ಪೇಟೆಯಂತೆ ಘಾಟು ಹಿಡಿಯಿತು. ಯೆನ್ಸ್ ಒಂದು ಒಳ್ಳೆಯ ಅಗಲ ಕುಂಚ ತಂದುಕೊಟ್ಟ. ಅದರಿಂದ ಹಚ್ಚಿದರೆ ಪಟ್ಟೆ ಪಟ್ಟೆ ಬಂತು, ಹುಲಿಯ ಮೈಯ ಹಾಗೆ. ಕುಂಚ ಪಕ್ಕಕ್ಕಿಟ್ಟೆ. ಸೆರಗು ಬಿಗಿದು ಕುಕ್ಕರಗಾಲಲ್ಲಿ ಕೂತೆ, ಚಿಂದಿ ಅದ್ದಿದೆ, ಸಾರಿಸಲು ಶುರು ಮಾಡಿದೆ.

ಸಾರಿಸುವುದನ್ನು ನನಗೆ ಕಲಿಸಿದ್ದು ಅತ್ತೆ. ಮದುವೆಯಾಗಿ ಬಂದ ಹೊಸತಿನಲ್ಲಿ ನನ್ನ ಮೊಣಕೈ ಹಿಡಿದು ಬಡಿದಿದ್ದರು: “ಇದು ಅಲ್ಲಾಡಬಾರದು. ಹೆಗಲಿಂದ ಎಳಿ.” ಕೈ ಎತ್ತಬಾರದು. ಒಂದು ಅರ್ಧಚಂದ್ರದ ಮೇಲೆ ಇನ್ನೊಂದು ಅರ್ಧಚಂದ್ರ ಬರಬೇಕು, ಹಿಂದಿನದರ ಅಂಚು ಹಸಿ ಇರುವಾಗಲೇ ಮುಂದಿನದು ಅದನ್ನು ಮುಟ್ಟಬೇಕು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯಬಾರದು. ಮಾಡಿದ್ದನ್ನು ತಿರುಗಿ ತಿದ್ದಬಾರದು. ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬರಬೇಕು.

ಬುಡಕ್ಕೆ ಕೂತು, ಮೇಲಕ್ಕೆ ಎದ್ದು ನಿಂತು ಹಾಗೇ ಸಾರಿಸಿದೆ. ಮೊದಲು ತೆಳ್ಳಗೆ, ಆರಿದ ಮೇಲೆ ಇನ್ನೊಂದು ಕೈ, ಕುರ್ಚಿಯ ಹಿಂದೆ ಇನ್ನೂ ಒಂದು. ಮೇಲಿನ ಹಳೆಯ ಹೊಗೆಯೂ ಕೆಳಗಿನ ಹೊಸ ಸಾರಣೆಯೂ ಒಂದನ್ನೊಂದು ಮುಟ್ಟಿದವು. ಹೊಳೆಯ ಗೆರೆ ಕರಗಿತು. ಸಂಜೆಯ ಬೆಳಕು ಬಿದ್ದಾಗ ಯಾವುದು ಅಜ್ಜನದು, ಯಾವುದು ನನ್ನದು ಎಂದು ನನಗೇ ಹೇಳಲಾಗಲಿಲ್ಲ. ಕಾರೆನ್ ಆಯಿ ಗೋಡೆಗೆ ಮೂಗು ಹಚ್ಚಿ ಉಸಿರೆಳೆದಳು. ಒಳಗೆ ಹೋಗಿ ಎಲ್ಲರಿಗೂ ಕಾಫಿ ಇಟ್ಟಳು.

ಯೆನ್ಸ್ ಮಾತ್ರ ಗೋಡೆ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದ.

ಮೂರನೆಯ ಕ್ಯಾನ್ವಾಸ್

ಮರುದಿನ ಎಲ್ಲರೂ ತಮ್ಮ ತಮ್ಮ ಚಿತ್ರಕ್ಕೆ ಮರಳಿದರು. ಇನ್ನು ಉಳಿದಿದ್ದ ಸಮಯ ಕೊಂಚವೇ. ನನ್ನ ಮುಂದೆ ಬಿಳಿಯ ಕ್ಯಾನ್ವಾಸು. ಕುಂಚ ಹಿಡಿದು ಕಿಟಕಿಯ ಮೂಲೆಗೆ ಗುರಿಯಿಟ್ಟೆ. ಮೊಣಕೈ ಅಲುಗಿತು.

ಥಟ್ಟನೆ ಕುಂಚ ತೆಗೆದಿಟ್ಟೆ. ಕ್ಯಾನ್ವಾಸನ್ನು ಸ್ಟ್ಯಾಂಡಿನಿಂದ ಇಳಿಸಿ ನೆಲದ ಮೇಲೆ ಮಲಗಿಸಿದೆ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೀನುಗಾರ ತನ್ನ ಕೆಲಸ ನಿಲ್ಲಿಸಿ ನೋಡಿದ. ನೋಡಲಿ. ಚಿಂದಿಯನ್ನು ಬಣ್ಣಕ್ಕೆ ಅದ್ದಿ ಹೆಗಲಿನಿಂದ ಎಳೆದೆ.

ಬಣ್ಣಗಳ ಹೆಸರು ನಾನು ಡಬ್ಬಿಯ ಮೇಲೆ ಓದಲಿಲ್ಲ. ಒಲೆಯ ಬೂದಿ, ಜೋಳದ ಹಿಟ್ಟು, ಒಗೆದು ಒಗೆದು ಸವೆದ ಧೋತರ, ಹೊಗೆ ಹಿಡಿದ ತೊಲೆ, ಮಳೆಗೆ ನೆನೆದ ಕಬ್ಬಿನ ರವದಿ ಗರಿ. ಇವು ನನಗೆ ಹುಟ್ಟಿನಿಂದ ಗೊತ್ತಿದ್ದ ಬಣ್ಣಗಳೇ. ಬೆಳಕಿಂಡಿಯ ಕೆಳಗೆ, ಅಡಿಗೆಮನೆಯ ಮಬ್ಬಿನಲ್ಲಿ, ದಿನವೂ ನೋಡಿದ್ದವು. ಅವನ್ನು ಬಣ್ಣವೆಂದು ಎಣಿಸಿರಲಿಲ್ಲ, ಅಷ್ಟೇ. ಚಿತ್ರವೆಂದರೆ ನವಿಲು, ದಾಸವಾಳ ಎಂದು ತಿಳಿದವಳು ನಾನು.

ಗೋಡೆ ಮೊದಲು ಸಾರಿಸಿದೆ, ಅಂಚಿನಿಂದ ಅಂಚಿಗೆ. ಅದು ಹಸಿ ಇರುವಾಗಲೇ ಕಿಟಕಿಯ ಬೆಳಕನ್ನು ಚಿಂದಿಯಿಂದ ಒರೆಸಿ ತೆಗೆದೆ. ಅರ್ಧ ತೆರೆದ ಬಾಗಿಲಿಗೆ ಒಂದೇ ಎಳೆತ, ಆಚೆಯ ಕತ್ತಲಿಗೆ ಇನ್ನೊಂದು. ಮೇಜಿನ ಬಟ್ಟೆಯ ಜಾಳಿಗೆ ಎಲ್ಲಿ ಹೋಯಿತೋ ನಾನು ಹುಡುಕಲಿಲ್ಲ. ಕುರ್ಚಿಗೆ ಅಗಲ ಕುಂಚದ ನಾಲ್ಕೈದು ಏಟು, ತೋಳಿನ ಮೇಲೆ ಸವೆದ ಕಡೆ ಒಂದು ತಿಳಿ ಮಚ್ಚೆ. ಕುರ್ಚಿಯ ಮೇಲ್ಗಡೆ ಗೋಡೆ ಎಲ್ಲಕ್ಕಿಂತ ಹೆಚ್ಚು ಮಬ್ಬಾಗಿದ್ದ ಜಾಗವನ್ನು ಬೆರಳಿನಿಂದಲೇ ಮೇಲಕ್ಕೆ ಎಳೆದು ಬಿಟ್ಟೆ. ಹಿಂದೆ ಸರಿಯುತ್ತಾ ಸರಿಯುತ್ತಾ ಬೆನ್ನು ಬಾಗಿಲಿಗೆ ತಾಗಿತು. ಮುಗಿಯಿತು ಎಂದು ಗೊತ್ತಾದದ್ದು ಹಾಗೆ.

ಭಾವುಸಾಹೇಬರು ಬಂದು ನಿಂತರು. ಈ ಸಲ ನಗಲಿಲ್ಲ. ಅವರ ಮಟ್ಟಿಗೆ ಅದೇ ದೊಡ್ಡ ಮಾತು.

“ವೈನಿ, ಕೈ ತೊಳಕೊಂಡ ಬರ್ರಿ. ಇದನ್ನ ಇನ್ನ ಮುಟ್ಟಬ್ಯಾಡ್ರಿ. ನಿಮ್ಮ ಆಣಿ.”

ಸಂಜೆ ಯೆನ್ಸ್ ಸುತ್ತು ಬಂದ. ನನ್ನ ಚಿತ್ರದ ಹತ್ತಿರ ಬಗ್ಗಿದ, ಎದ್ದ, ಬಾಗಿಲವರೆಗೆ ಹಿಂದೆ ಹೋದ, ಮತ್ತೆ ಬಂದ. ಎರಡೂ ಕೈಯಲ್ಲಿ ಅದನ್ನು ಎತ್ತಿದ. ಗೋಡೆಗೆ ಮುಖ ಮಾಡಿ ಇಡುತ್ತಾನೋ ಏನೋ ಎಂದು ನಾನು ಎದ್ದು ನಿಂತೆ. ಅವನು ಅದನ್ನು ಹಸಿ ಬಣ್ಣ ಮೈಗೆ ತಾಗದಂತೆ ಹುಷಾರಾಗಿ ಹಿಡಿದುಕೊಂಡು ನೇರ ಹೊರಗೆ ನಡೆದ. ಕಿಟಕಿಯಲ್ಲಿ ನೋಡಿದೆ: ಟೌನ್ ಹಾಲಿನ ದಾರಿ ಹಿಡಿದಿದ್ದ.

ಟೌನ್ ಹಾಲ್

ಊರಿನ ಜನವೆಲ್ಲ ಬಂದಿತ್ತು. ಮೀನಿನ ದೋಣಿಯವರು, ಬೇಕರಿಯವರು, ಗಾಡಿಯಲ್ಲಿ ಕೂಸು ಮಲಗಿಸಿದ ತಾಯಂದಿರು. ಆ ದಿನ ಕೂಸುಗಳಿಗೂ ಒಳಗೆ ಪ್ರವೇಶವಿತ್ತು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಭಾವುಸಾಹೇಬರು ತಲೆಗೆ ಪಟಕಾ ಸುತ್ತಿದ್ದರು. ಅಲ್ಲಿನವರು ಚಿತ್ರ ನೋಡುವಾಗ ಗರ್ಭಗುಡಿಯ ಮುಂದೆ ನಿಂತ ಹಾಗೆ ಪಿಸುಗುಡುತ್ತಾರೆ. ನಮ್ಮವರಾಗಿದ್ದರೆ ಇಷ್ಟು ಹೊತ್ತಿಗೆ ಒಂದೊಂದು ಚಿತ್ರದ ಮುಂದೂ ಒಂದೊಂದು ವಾದ ಎದ್ದಿರುತ್ತಿತ್ತು.

ನನ್ನ ಚಿತ್ರ ಎದುರುಗೋಡೆಯ ನಡುವೆ ತೂಗುತ್ತಿತ್ತು. ಕೆಳಗೆ ನನ್ನ ಹೆಸರು, ಊರು ಐಗಳಿ ಎಂದು ಬರೆದಿದ್ದರು. ಚಿತ್ರದ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಯೆನ್ಸ್ ಕೇಳಿದಾಗ ನನಗೆ ಏನೂ ತೋಚಿರಲಿಲ್ಲ.

ಕಾರೆನ್ ಆಯಿ ತಡವಾಗಿ ಬಂದಳು. ಎಲ್ಲರ ಚಿತ್ರದ ಮುಂದೂ ನಿಂತಳು, ತಲೆಯಾಡಿಸಿದಳು. ಎಲ್ಲವೂ ಆಕೆಯ ಕೋಣೆಯೇ. ನನ್ನದರ ಮುಂದೆ ಬಂದಾಗ ತಲೆಯಾಡಿಸಲಿಲ್ಲ. ಒಂದು ಹೆಜ್ಜೆ ಎಡಕ್ಕೆ ಸರಿದಳು, ಕುತ್ತಿಗೆ ಚಾಚಿ ಆ ಅರ್ಧ ತೆರೆದ ಬಾಗಿಲಿನ ಆಚೆಗೆ ಇಣುಕಿದಳು. ಕ್ಯಾನ್ವಾಸಿನ ಬಾಗಿಲಿನ ಆಚೆ! ನಾನು ಹತ್ತಿರ ಹೋದೆ.

“ಆಯಿ, ಏನ್ ನೋಡಾಕತ್ತೀರಿ?”

ಆಕೆ ಕುರ್ಚಿಯ ಮೇಲಿನ ಆ ಮಬ್ಬಿನ ಕಡೆ ಬೆರಳು ತೋರಿಸಿದಳು.

“ಹೊಗಿ ಇನ್ನಾ ಏಳಾಕತ್ತೈತಿ. ಅಂವ ಈಗಷ್ಟ ಎದ್ದ ಒಳಗ ಹೋಗ್ಯಾನ.”

ಯೆನ್ಸ್ ಜೇಬಿನಿಂದ ಪೆನ್ನು ತೆಗೆದ. ನನ್ನ ಮುಖ ನೋಡಿದ, ನಾನು ಹೂಂ ಎಂದೆ. ಖಾಲಿ ಬಿಟ್ಟ ಜಾಗದಲ್ಲಿ ಆಕೆ ಆಡಿದ ಮಾತನ್ನೇ ಅವರ ಭಾಷೆಯಲ್ಲಿ ಬರೆದ: ‘ಅವನು ಈಗಷ್ಟೇ ಎದ್ದು ಒ‍ಳಗೆ ಹೋಗಿದ್ದಾನೆ.’

“ಶಾಬ್ಬಾಸ್ ವೈನಿ!”

ಆ ಶಾಂತವಾದ ಹಾಲಿನಲ್ಲಿ ಭಾವುಸಾಹೇಬರ ಗಂಟಲು ಕುಸ್ತಿಯ ಮೈದಾನದಲ್ಲಿ ಗುಡುಗಿದ ಹಾಗೆ ಗುಡುಗಿತು. ಒಂದು ಕೂಸು ಎಚ್ಚರವಾಯಿತು. ಅಲ್ಲಿನವರು ಬೆಚ್ಚಿದರು, ಆಮೇಲೆ ಯಾರೋ ಕೈಯೆತ್ತಿದರು. ಅವರಲ್ಲೊಂದು ಪದ್ಧತಿ, ಬಹಳ ಸಂತೋಷವಾದಾಗ ಎಲ್ಲರೂ ಒಟ್ಟಿಗೆ ಮೂರು ಗಿಡ್ಡ ಹುರ್ರಾ ಕೂಗಿ ಕಡೆಗೊಂದು ಉದ್ದನೆಯ ಹುರ್ರಾ ಎಳೆಯುತ್ತಾರೆ. ಮೀನುಗಾರ, ದಾದಿ, ಬೇಕರಿಯವನು, ಎಲ್ಲರೂ ಕೂಗಿದರು. ನನ್ನ ಹೆಸರು ಅವರ ನಾಲಿಗೆಯಲ್ಲಿ ಹೊರಳಾಡಿತು. ಐಗಳಿ ಎಂಬುದಂತೂ ಏನೇನೋ ಆಯಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿ ನಿಂತೆ.

ಅವರ ಉದ್ದನೆಯ ಹುರ್ರಾ ಮುಗಿಯಿತು. ಭಾವುಸಾಹೇಬರಿಗೆ ಲೆಕ್ಕ ಗೊತ್ತಿರಲಿಲ್ಲ. ಪಟಕಾ ಸರಿಮಾಡಿಕೊಂಡು ಇನ್ನೊಂದು ಕೂಗಿದರು, ಒಬ್ಬರೇ. ಅದು ನಿಲ್ಲುವ ಮೊದಲೇ ಇನ್ನೊಂದು ದನಿ ಅದಕ್ಕೆ ಜೊತೆಯಾಯಿತು, ತೆಳ್ಳನೆಯದು, ಗಟ್ಟಿಯಾದದ್ದು. ತಿರುಗಿ ನೋಡಿದೆ. ಕಾರೆನ್ ಆಯಿ ಎರಡೂ ಕೈ ಮೇಲೆತ್ತಿ ನನ್ನ ಚಿತ್ರದ ಕಡೆ ಮುಖ ಮಾಡಿ ಕೂಗುತ್ತಿದ್ದಳು, ಒಳಗಿನ ಕೋಣೆಗೂ ಕೇಳಿಸುವಷ್ಟು ಜೋರಾಗಿ.